ಗೆತ್ಸೆಮನೆ ಯಾರ ಮನೆ?

ಪ್ರಶ್ನೆ: ಯೇಸುವನ್ನು ಹಿಡಿದುಕೊಟ್ಟ ಜಾಗವನ್ನು ‘ಗೆತ್ಸೆಮನೆ ತೋಟ’ ಅನ್ನುತ್ತಾರೆ. ತೋಟವಾದರೆ ಹೆಸರಿನ ಕೊನೆಯಲ್ಲಿ ‘ಮನೆ’ ಏಕಿದೆ? ಅಲ್ಲಿ ಯಾರದಾದರೂ ಮನೆ ಇತ್ತೇ?

ಇರಲಿಲ್ಲ. ಆ ‘ಮನೆ’ ಕನ್ನಡದ ಕಿವಿಗೆ ಮಾತ್ರ ಕೇಳುವ ಮನೆ. ಹೆಸರನ್ನು ‘ಗೆತ್ಸೆ + ಮನೆ’ ಎಂದು ಒಡೆದರೆ ಏನೂ ಸಿಗುವುದಿಲ್ಲ, ‘ಗೆತ್ + ಸೆಮನೆ’ ಎಂದು ಒಡೆಯಬೇಕು. ಹೀಬ್ರೂವಿನಲ್ಲಿ, ಅಂದರೆ ನಮ್ಮ ಸತ್ಯವೇದದ (ಬೈಬಲಿನ) ಮಾತಿನಲ್ಲಿ ಇಬ್ರಿಯದಲ್ಲಿ, ‘ಗತ್’ ಎಂದರೆ ಹಣ್ಣು ಹಿಂಡುವ ತೊಟ್ಟಿ. ‘ಷೆಮೆನ್’ ಎಂದರೆ ಎಣ್ಣೆ, ಅದರ ಬಹುವಚನ ‘ಷಮಾನೀಮ್’. ಎರಡೂ ಕೂಡಿದರೆ ಎಣ್ಣೆ ಹಿಂಡುವ ಜಾಗ, ಗಾಣ. ಸುವಾರ್ತೆಗಳು ಬರೆಯಲ್ಪಟ್ಟದ್ದು ಗ್ರೀಕಿನಲ್ಲಿ. ಅಲ್ಲಿ ಹೆಸರು ‘ಗೆತ್ಸೆಮನೀ’ ಎಂದಾಗಿ ಕೊನೆಯ ‘ಮ್’ ಬಿದ್ದುಹೋಗಿದೆ. ಕನ್ನಡಕ್ಕೆ ಬರುವಾಗ ‘ನೀ’ ಹೋಗಿ ‘ನೆ’ ಆಯಿತು, ನಾವು ಅದರಲ್ಲಿ ಮನೆ ಕಂಡೆವು.

‘ಗತ್’ ಪದವನ್ನು ಹೆಚ್ಚಾಗಿ ದ್ರಾಕ್ಷಿ ತುಳಿಯುವ ತೊಟ್ಟಿಗೆ ಬಳಸುತ್ತಾರೆ. ಗೊಲ್ಯಾತನ ಊರು ‘ಗತ್’ (1 ಸಮುವೇಲ 17:4), ಯೋನನ ಊರು ‘ಗತ್‌ಹೇಫೆರ್’ (2 ಅರಸು 14:25). ಅಲ್ಲೆಲ್ಲ ಇರುವುದು ಇದೇ ಪದ. ಮುಂದೆ ಎಣ್ಣೆಯ ಹೆಸರು ಸೇರಿದ್ದರಿಂದಲೇ ಗೆತ್ಸೆಮನೆಯನ್ನು ಗಾಣ ಎಂದು ತಿಳಿಯುತ್ತೇವೆ.

ಗೆತ್ಸೆಮನೆ ಇದ್ದದ್ದು ಗುಡ್ಡದ ಇಳಿಜಾರಿನಲ್ಲಿ. ಅಲ್ಲಿ ಗಾಣಕ್ಕೇನು ಕೆಲಸ? ಆ ಗುಡ್ಡವೇ ಎಣ್ಣೇಮರಗಳ ಗುಡ್ಡ, ಅಂದರೆ ಆಲಿವ್ ಮರಗಳದ್ದು. ಕಿತ್ತ ಆಲಿವ್ ಕಾಯಿಯನ್ನು ರಾಶಿ ಹಾಕಿ ಬಹಳ ದಿನ ಬಿಟ್ಟರೆ ಬಿಸಿಯೇರಿ ಹುಳಿಯುತ್ತದೆ, ಎಣ್ಣೆಗೆ ಕೆಟ್ಟ ವಾಸನೆ ಹತ್ತುತ್ತದೆ. ಆದ್ದರಿಂದ ಗಾಣ ತೋಟದ ಮಗ್ಗುಲಲ್ಲೇ ಇರಬೇಕು. ನಮ್ಮ ಎತ್ತಿನ ಗಾಣದಲ್ಲಿ ಅರೆಯುವುದೂ ಹಿಂಡುವುದೂ ಒಂದೇ ಒರಳಿನಲ್ಲಿ ನಡೆಯುತ್ತದೆ. ಅಲ್ಲಿ ಎರಡೂ ಬೇರೆ ಬೇರೆ. ಮೊದಲು ದುಂಡನೆಯ ಕಲ್ಲಿನ ಬಾನಿಯಲ್ಲಿ ಕಾಯಿ ಸುರಿದು, ಮೇಲೆ ಗಾಲಿಯಂಥ ಕಲ್ಲನ್ನು ಕತ್ತೆಯಿಂದಲೋ ಆಳಿನಿಂದಲೋ ಉರುಳಿಸಿ ಬೀಜಸಮೇತ ಅರೆಯುತ್ತಿದ್ದರು. ಆ ಚಟ್ನಿಯನ್ನು ನಾರಿನಿಂದ ಹೆಣೆದ ಚಪ್ಪಟೆ ಬುಟ್ಟಿಗಳಲ್ಲಿ ತುಂಬಿ ಒಂದರ ಮೇಲೊಂದು ಪೇರಿಸುತ್ತಿದ್ದರು. ಉದ್ದನೆಯ ಮರದ ತೊಲೆಯ ಒಂದು ತುದಿಯನ್ನು ಗೋಡೆಯ ಗೂಡಿಗೆ ಸಿಕ್ಕಿಸಿ, ನಡುಭಾಗವನ್ನು ಬುಟ್ಟಿಗಳ ಮೇಲೆ ಕೂರಿಸಿ, ಇನ್ನೊಂದು ತುದಿಗೆ ಕಲ್ಲು ತೂಗಿಬಿಟ್ಟರೆ ರಸ ಇಳಿಯುತ್ತದೆ. ಕೆಳಗಿನ ತೊಟ್ಟಿಯಲ್ಲಿ ಕಪ್ಪಗಿನ ಕಹಿ ನೀರು ತಳಕ್ಕೆ ಕೂರುತ್ತದೆ, ಎಣ್ಣೆ ಮೇಲೆ ತೇಲುತ್ತದೆ, ಅದನ್ನು ಬಳಿದುಕೊಳ್ಳುವುದು. ಒಂದು ಲೀಟರ್ ಎಣ್ಣೆಗೆ ಸುಮಾರು 5-6 ಕಿಲೊ ಕಾಯಿ ಬೇಕು. ಚಳಿಗೆ ಎಣ್ಣೆ ಗಟ್ಟಿಯಾಗಿ ಸರಿಯಾಗಿ ಇಳಿಯುವುದಿಲ್ಲವಾದ್ದರಿಂದ ಗಾಣವನ್ನು ಗುಹೆಯಲ್ಲಿ ಹೂಡುವುದು ವಾಡಿಕೆ. ಗುಡ್ಡದ ಬುಡದಲ್ಲಿ ಇಂದಿಗೂ ಗೆತ್ಸೆಮನೆ ಗುಹೆ ಎಂದು ತೋರಿಸುವ ಜಾಗವಿದೆ. ಅದರ ಗೋಡೆಯಲ್ಲಿ ತೊಲೆ ಸಿಕ್ಕಿಸುವ ಗೂಡಿನ ಗುರುತು ಸಿಕ್ಕಿದೆ.

ಆಲಿವ್ ಸುಗ್ಗಿ ಅಕ್ಟೋಬರ್-ನವೆಂಬರಿನ ಹೊತ್ತಿಗೆ. ಯೇಸು ಅಲ್ಲಿಗೆ ಬಂದದ್ದು ಯೆಹೂದ್ಯರ ಪಸ್ಕಹಬ್ಬದ ರಾತ್ರಿ, ಅಂದರೆ ಮಾರ್ಚ್-ಏಪ್ರಿಲ್. ಗಾಣಕ್ಕೆ ಕೆಲಸವಿಲ್ಲದ ಕಾಲ, ಜನವಿಲ್ಲದ ಜಾಗ. ಶಿಷ್ಯರು ನಿದ್ದೆಹೋದದ್ದರಲ್ಲಿ ಆಶ್ಚರ್ಯವೇನಿಲ್ಲ.

ಕನ್ನಡದಲ್ಲಿ ಇದಕ್ಕೆ ತೀರ ಹತ್ತಿರದ ಪದ ‘ಆಲೆಮನೆ’. ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗ, ಯಾರೂ ಸಂಸಾರ ಹೂಡದ ‘ಮನೆ’, ಹಂಗಾಮು ಮುಗಿದರೆ ಖಾಲಿ. ನಮ್ಮ ಕಿವಿ ತಪ್ಪು ಒಡೆದರೂ ಅರ್ಥದ ಹೊಸ್ತಿಲವರೆಗೆ ಬಂದಿದೆ!

ಇನ್ನು ‘ತೋಟ’. ಮತ್ತಾಯ (26:36) ಮತ್ತು ಮಾರ್ಕ (14:32) ‘ಗೆತ್ಸೆಮನೆ ಎಂಬ ಸ್ಥಳ’ ಎನ್ನುತ್ತಾರೆ, ತೋಟ ಎನ್ನುವುದಿಲ್ಲ. ಯೋಹಾನ (18:1) ಕಿದ್ರೋನ್ ಹಳ್ಳದ ಆಚೆಗೆ ಒಂದು ತೋಟ ಎನ್ನುತ್ತಾನೆ, ಹೆಸರು ಹೇಳುವುದಿಲ್ಲ. ಲೂಕ (22:39) ಗುಡ್ಡದ ಹೆಸರಷ್ಟೇ ಕೊಡುತ್ತಾನೆ. ‘ಗೆತ್ಸೆಮನೆ ತೋಟ’ ಈ ನಾಲ್ವರ ಮಾತು ಸೇರಿಸಿ ನಾವು ಕಟ್ಟಿಕೊಂಡ ಹೆಸರು. ತಪ್ಪಲ್ಲ, ಆದರೆ ಯಾವ ಸುವಾರ್ತೆಯಲ್ಲೂ ಹಾಗೇ ಸಿಗುವುದಿಲ್ಲ. ಅಂದಹಾಗೆ, ಈಗ ಯಾತ್ರಿಕರಿಗೆ ತೋರಿಸುವ 8 ಹಳೆಯ ಮರಗಳಲ್ಲಿ 3 ಮರಗಳ ಕಾಂಡವನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಅವುಗಳ ವಯಸ್ಸು ಸುಮಾರು 900 ವರ್ಷ. ಯೇಸುವನ್ನು ಕಂಡ ಮರಗಳಿವು ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ನೆನಪಿರಲಿ.

‘ಮನೆ’ ನಿಜವಾಗಿ ಇರುವ ಹೆಸರುಗಳು ಬೇರೆ ಇವೆ, ಅವುಗಳಲ್ಲಿ ಮನೆ ಇರುವುದು ಮೊದಲಲ್ಲಿ. ಕನ್ನಡದಲ್ಲಿ ಗಾಣಿಗರಹಳ್ಳಿ, ಹೊಸಮನೆ ಎಂದು ಜಾಗದ ಪದ ಕೊನೆಗೆ ಬರುತ್ತದೆ. ಹೀಬ್ರೂವಿನಲ್ಲಿ ಅದು ಮುಂದೆ ನಿಲ್ಲುತ್ತದೆ: ‘ಕಪೆರ್ನೌಮ್’ ಎಂದರೆ ‘ಕಫರ್ ನಹೂಮ್’, ನಹೂಮನ ಹಳ್ಳಿ. ಮನೆಗೆ ಅವರ ಪದ ‘ಬಯಿತ್’, ಇನ್ನೊಂದು ಪದಕ್ಕೆ ಅಂಟಿದಾಗ ‘ಬೇತ್’. ಬೇತ್ಲೆಹೇಮ್ ರೊಟ್ಟಿಯ ಮನೆ, ಬೇತೇಲ್ ದೇವರ ಮನೆ, ಬೇತ್‌ಷೆಮೆಷ್ ಸೂರ್ಯನ ಮನೆ, ಬೇತ್ಫಗೆ ಎಳೆ ಅಂಜೂರದ ಕಾಯಿಯ ಮನೆ. ಪೇತ್ರ, ಅಂದ್ರೆಯ, ಫಿಲಿಪ್ಪರ ಊರಾದ ಬೇತ್ಸಾಯಿದ ಬೇಟೆಯ ಅಥವಾ ಮೀನುಗಾರಿಕೆಯ ಮನೆ. ಸೂರ್ಯನ ಮನೆಯ ಹತ್ತಿರದ ಚೊರ್ಗದಲ್ಲಿ ಹುಟ್ಟಿದ ಸಂಸೋನನ ಹೆಸರಿನಲ್ಲೂ ಅದೇ ‘ಷೆಮೆಷ್’ ಇದೆ.

ಇದೇ ‘ಬೇತ್’ಗೆ ಕನ್ನಡ ಅನುವಾದದಲ್ಲಿ ಒಂದೇ ಪದ ಇಡಲು ಬರುವುದಿಲ್ಲ. ಸೊಲೊಮೋನ ಕಟ್ಟಿಸಿದ್ದು ಆಲಯ, ದಾವೀದನದ್ದು ಮನೆತನ, ಉಳಿದವರದ್ದು ಮನೆ. ಮೂಲದಲ್ಲಿ ಮೂರೂ ಬೇತ್. ದಾವೀದ ದೇವರಿಗೆ ಮನೆ ಕಟ್ಟುತ್ತೇನೆಂದಾಗ, ಇಲ್ಲ, ನಾನೇ ನಿನಗೆ ಮನೆ ಕಟ್ಟುತ್ತೇನೆ ಎಂದು ದೇವರು ತಿರುಗಿ ಹೇಳುವ ಭಾಗದ (2 ಸಮುವೇಲ 7) ಸ್ವಾರಸ್ಯ ಇರುವುದೇ ಈ ಒಂದೇ ಪದದಲ್ಲಿ. ‘ಮನೆತನ’ ಎಂದೊಡನೆ ಅರ್ಥ ತಿಳಿಯಾಗುತ್ತದೆ, ಚಮತ್ಕಾರ ಕರಗುತ್ತದೆ.

ಒಡೆಯುವಾಗ ಎಡವುವುದು ಎಲ್ಲಿ? ‘ಬೇ’ ಕಂಡದ್ದೆಲ್ಲ ಬೇತ್ ಅಲ್ಲ. ಬೇರ್ಷೆಬದಲ್ಲಿರುವುದು ‘ಬೆಏರ್’, ಬಾವಿ. ‘ಷೆಬ’ ಎಂದರೆ ಏಳು, ಆಣೆಯ ಪದವೂ ಅದೇ ಮೂಲದ್ದು. ಆದಿಕಾಂಡ 21ರಲ್ಲಿ ಅಬ್ರಹಾಮ 7 ಕುರಿಮರಿ ಕೊಟ್ಟು ಆಣೆ ಮಾಡುವಾಗ ಎರಡೂ ಅರ್ಥ ಒಟ್ಟಿಗೆ ನುಡಿಯುತ್ತವೆ. ಪೌಲ ಹೋದ ಬೆರೋಯವಂತೂ ಮಕೆದೋನ್ಯದ ಪಟ್ಟಣ, ಅಲ್ಲಿ ಹೀಬ್ರೂ ಹುಡುಕುವುದೇ ವ್ಯರ್ಥ. ಬೇಥಾನ್ಯದಲ್ಲಿ ಬೇತ್ ಖಚಿತ, ಉಳಿದರ್ಧ ‘ಬಡವರು’ ಎಂದು ಕೆಲವರು, ‘ಅಂಜೂರ’ ಎಂದು ಕೆಲವರು. ವಾದ ಮುಗಿದಿಲ್ಲ, ಹಾಗಾಗಿ ಅದರ ಮೇಲೆ ಇಡೀ ಪ್ರಸಂಗ ಕಟ್ಟಬಾರದು. ಗ್ರಂಥವೇ ಅರ್ಥ ಹೇಳಿರುವ ಗೊಲ್ಗೊಥಾ (ತಲೆಬುರುಡೆಯ ಸ್ಥಳ), ಅಕೆಲ್ದಮಾ (ರಕ್ತದ ಹೊಲ) ಇಂಥವುಗಳಲ್ಲಿ ಊಹೆಗೆ ಜಾಗವಿಲ್ಲ.

ಹೆಸರಿನ ಅರ್ಥ ಊರಿನ ಸ್ಥಿತಿಗೆ ಗ್ಯಾರಂಟಿಯೂ ಅಲ್ಲ. ರೂತಳ ಕಥೆ ಶುರುವಾಗುವುದು ರೊಟ್ಟಿಯ ಮನೆಯಲ್ಲಿ ಬರ ಬಿದ್ದು ಒಂದು ಕುಟುಂಬ ಗುಳೆ ಹೋಗುವುದರಿಂದ. ಅರಬ್ಬಿಯಲ್ಲಿ ಇದೇ ಊರು ‘ಬೈತ್ ಲಹಮ್’, ಅಲ್ಲಿ ‘ಲಹಮ್’ ಎಂದರೆ ಮಾಂಸ.

ಬೇತ್ ಮುಂದೆ ನಿಲ್ಲುವುದರಿಂದ ಹಿಂದಿನರ್ಧ ಬದಲಾಯಿಸಿ ಬೈಯಲೂ ಸುಲಭ. ಇಸ್ರಾಯೇಲಿನ ಅರಸ ಯಾರೊಬ್ಬಾಮ ಬೇತೇಲಿನಲ್ಲಿ ಬಂಗಾರದ ಕರು ನಿಲ್ಲಿಸಿದ ಮೇಲೆ ಅಲ್ಲಿ ಅದಕ್ಕೇ ಪೂಜೆ ನಡೆಯಿತು. ಪ್ರವಾದಿ ಹೋಶೇಯ (4:15, 10:5) ‘ಏಲ್’, ಅಂದರೆ ದೇವರನ್ನು, ತೆಗೆದು ‘ಆವೆನ್’, ಅಂದರೆ ಕೇಡನ್ನು, ಇಟ್ಟು ಅದನ್ನು ‘ಬೇತಾವೆನ್’ ಎಂದು ಕರೆಯುತ್ತಾನೆ. ದೇವರ ಮನೆ ಕೇಡಿನ ಮನೆಯಾಯಿತು. ಕನ್ನಡದಲ್ಲಿ ಓದಿದರೆ ಅದು ಮತ್ತೊಂದು ಊರಿನ ಹೆಸರಿನಂತೆ ದಾಟಿಹೋಗುತ್ತದೆ. ಬೇತೇಲಿನ ಹತ್ತಿರ ಆ ಹೆಸರಿನ ಊರೊಂದು ನಿಜಕ್ಕೂ ಇತ್ತು (ಯೆಹೋಶುವ 7:2), ಅದೂ ಗೊಂದಲಕ್ಕೆ ಒಂದು ಕಾರಣ.