ಕ್ಯಾಲಿಪರ್ ಬಣ್ಣ ಕೆಡಿಸುವುದು ಬ್ರೇಕ್ ಆಯಿಲ್

ಕ್ಯಾಲಿಪರ್ ಎಂದರೆ ಗಾಲಿಯ ಡಿಸ್ಕನ್ನು ಪ್ಯಾಡ್‌ಗಳಿಂದ ಒತ್ತಿ ಹಿಡಿಯುವ ಬ್ರೇಕ್ ಭಾಗ. ಹಳೆಯ ಕ್ಯಾಲಿಪರ್ ಬಿಚ್ಚಿಸಿ ಹೊಸದಾಗಿ ಮಾಡಿಸುವವರು ಮೊದಲು ಕೇಳುವುದು ‘ಈ ಬಣ್ಣ ಎಷ್ಟು ಡಿಗ್ರಿ ತಡಿತೈತ್ರಿ?’ ಅಂತ. ಸ್ಪ್ರೇ ಡಬ್ಬಿಯ ಮೇಲೆ 600 ಡಿಗ್ರಿ ಎಂದಿದ್ದರೆ ಅವರಿಗೆ ಸಮಾಧಾನ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್‌ಗೆ ಇರಬೇಕಾದ ಕನಿಷ್ಠ ಕುದಿಬಿಂದು 230 ಡಿಗ್ರಿ, ನೀರು ಹೀರಿಕೊಂಡದ್ದಕ್ಕೆ 155. ಒಳಗಿನ ರಬ್ಬರ್ ಸೀಲ್ ಕೂಡ 150ರ ಆಚೆ ಬಹಳ ಹೊತ್ತು ಬಾಳುವುದಿಲ್ಲ. ಅಂಕೋಲಾ ಕಡೆಗೆ ಅರಬೈಲ್ ಘಟ್ಟ ಇಳಿಯುವಾಗ ಕ್ಯಾಲಿಪರ್ ಮೈ 250 ಡಿಗ್ರಿ ಮುಟ್ಟಿದರೆ ಬಣ್ಣದ ಮಾತು ಬಿಡಿ, ಆಯಿಲ್ ಕುದ್ದು ಪೆಡಲ್ಲೇ ನೆಲಕ್ಕೆ ಹೋಗಿರುತ್ತದೆ.

ನಮ್ಮ ಕಡೆ ಲೇಪ ಕೆಡುವುದು ಬೇರೆ ಕಾರಣಕ್ಕೆ. ನವಲಗುಂದ, ರೋಣದ ಎರೆಮಣ್ಣಿನ ರಾಡಿ ಕ್ಯಾಲಿಪರ್ ಮತ್ತು ಅದನ್ನು ಹಿಡಿದಿರುವ ಬ್ರಾಕೆಟ್‌ನ ಸಂದಿಯಲ್ಲಿ ಮೆತ್ತಿಕೊಂಡು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ವಾಟರ್ ವಾಶ್‌ನಲ್ಲಿ ಗಾಲಿಗೆ ಹೊಡೆಯುವ ಆಸಿಡ್ ಕ್ಲೀನರ್ ಇನ್ನೊಂದು. ಎಲ್ಲಕ್ಕಿಂತ ದೊಡ್ಡದು ಬ್ರೇಕ್ ಆಯಿಲ್. ಬ್ಲೀಡ್ ಮಾಡುವಾಗ, ಅಂದರೆ ಆಯಿಲ್‌ನೊಳಗಿನ ಗಾಳಿ ತೆಗೆಯುವಾಗ, ನಿಪ್ಪಲ್‌ನಿಂದ ನಾಲ್ಕು ಹನಿ ಇಳಿದರೆ ಸಾಕು, ಡಬ್ಬಿಯ ಸಾದಾ ಸಿಲಿಕೋನ್ ಸ್ಪ್ರೇ ಬಣ್ಣ ಸುಕ್ಕುಗಟ್ಟಿ ಏಳುತ್ತದೆ. ಆ ಬಣ್ಣ ಗಟ್ಟಿಯಾಗಲು 200 ಡಿಗ್ರಿಯ ಆಸುಪಾಸು ಬೇಯಬೇಕು. ಊರೊಳಗೆ ಓಡುವ ಕಾರಿನ ಕ್ಯಾಲಿಪರ್ ಅಷ್ಟು ಕಾಯುವುದೇ ಇಲ್ಲ.

ಬೀಡಿನ, ಅಂದರೆ ಎರಕದ ಕಬ್ಬಿಣದ, ಕ್ಯಾಲಿಪರ್‌ಗೆ ನನ್ನ ಮೊದಲ ಆಯ್ಕೆ ಜಿಂಕ್ ಪ್ಲೇಟಿಂಗ್. ದಪ್ಪ 8ರಿಂದ 12 ಮೈಕ್ರಾನ್ ಮಾತ್ರ, ಹಾಗಾಗಿ ಜೋಡಣೆಯ ಅಳತೆ ಕೆಡುವುದಿಲ್ಲ. ಗೀರು ಬಿದ್ದರೂ ಮೊದಲು ಸವೆಯುವುದು ಜಿಂಕ್, ಕಬ್ಬಿಣ ಉಳಿಯುತ್ತದೆ. ಪ್ಲೇಟಿಂಗ್‌ನವರಿಗೆ ಎರಡು ಮಾತು ಹೇಳಲೇಬೇಕು. ಒಂದು, ಆಸಿಡ್ ಕ್ಲೋರೈಡ್ ತೊಟ್ಟಿಯಲ್ಲೇ ಆಗಬೇಕು. ಬೀಡಿನ ಮೈಮೇಲಿನ ಗ್ರಾಫೈಟ್‌ನಿಂದಾಗಿ ಆಲ್ಕಲೈನ್ ತೊಟ್ಟಿಯಲ್ಲಿ ಜಿಂಕ್ ಸರಿಯಾಗಿ ಕೂಡುವುದಿಲ್ಲ, ತೇಪೆ ತೇಪೆ ಬರುತ್ತದೆ. ಅದಕ್ಕೂ ಮೊದಲು ಆಸಿಡ್‌ನಲ್ಲಿ ಹೆಚ್ಚು ಹೊತ್ತು ಮುಳುಗಿಸಿದರೆ ಕೈಗೆ ಹತ್ತುವ ಕಪ್ಪು ಮಸಿ ಮೇಲೇಳುತ್ತದೆ, ಅದರ ಮೇಲೆ ಏನೂ ನಿಲ್ಲದು. ಎರಡು, ಜಿಂಕ್ ಮೇಲೆ ಕೊಡುವ ರಕ್ಷಣೆಯ ಪದರ (ಪ್ಯಾಸಿವೇಶನ್) ಟ್ರೈವೇಲೆಂಟ್ ಕ್ರೋಮಿಯಂನದೇ ಇರಲಿ. ಹಳೆಯ ಪದ್ಧತಿಯ ಹಳದಿ ಕ್ರೋಮೇಟ್ 60-70 ಡಿಗ್ರಿ ದಾಟಿದರೆ ಒಣಗಿ ಬಿರುಕು ಬಿಡುತ್ತದೆ. ನೋಡಲು ಬಂಗಾರ, ಒಂದು ಮಳೆಗಾಲದಲ್ಲಿ ಬಣ್ಣ ಬಯಲು.

ಬ್ರಾಕೆಟ್ ಬೋಲ್ಟ್‌ಗಳನ್ನು ಅದೇ ಬುಟ್ಟಿಗೆ ಹಾಕಬೇಡಿ. ತಲೆಯ ಮೇಲೆ ಹೆಚ್ಚು ಬಲದ ಉಕ್ಕಿನ ಗುರುತಾದ 10.9 ಎಂದಿದ್ದರೆ ಆಸಿಡ್ ಮತ್ತು ಪ್ಲೇಟಿಂಗ್‌ನಲ್ಲಿ ಹೈಡ್ರೋಜನ್ ಒಳಸೇರಿ ಉಕ್ಕು ಪೆಡಸಾಗುತ್ತದೆ, ಬಿಗಿ ಮಾಡಿದ ಎಷ್ಟೋ ದಿನದ ಮೇಲೆ ಪಟ್ಟನೆ ಮುರಿಯಬಹುದು. ಪ್ಲೇಟಿಂಗ್ ಆದ ಕೂಡಲೇ 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಹೈಡ್ರೋಜನ್ ಹೊರಬರುತ್ತದೆ, ಆದರೆ ಅಷ್ಟು ತೊಂದರೆ ಯಾರು ತಗೋತಾರೆ? ಹೊಸ ಬೋಲ್ಟ್ ಕೊಳ್ಳಿ.

ಪೌಡರ್ ಕೋಟಿಂಗ್, ಅಂದರೆ ಒಣ ಪುಡಿ ಬಣ್ಣ ಹೊಡೆದು ಓವನ್‌ನಲ್ಲಿ ಬೇಯಿಸುವುದು, ತಪ್ಪಲ್ಲ. ಆದರೆ ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ ಕಡೆ ಪೌಡರ್ ಹೊಡೆಸಲು ಹೋದರೆ ನಿಮ್ಮ ಕ್ಯಾಲಿಪರ್ ಕಪಾಟು, ಗ್ರಿಲ್‌ಗಳ ಸಾಲಿನಲ್ಲೇ ಓವನ್‌ಗೆ ಹೋಗುವ ಸಾಧ್ಯತೆ ಹೆಚ್ಚು. ತಗಡಿಗೆ ಸಾಕಾಗುವ ಹೊತ್ತು ಮೂರ್ನಾಲ್ಕು ಕಿಲೋ ಬೀಡಿಗೆ ಸಾಲದು. ಓವನ್ ಗಾಳಿ 200 ತೋರಿಸಿದರೆ ಆಗಲಿಲ್ಲ, ಲೋಹವೇ 200 ಮುಟ್ಟಿ ಅಲ್ಲಿ ಹತ್ತು ನಿಮಿಷ ನಿಲ್ಲಬೇಕು. ಅರೆಬೆಂದ ಪೌಡರ್ ಸಿಪ್ಪೆಯಂತೆ ಸುಲಿಯುತ್ತದೆ. ಬೀಡಿನ ರಂಧ್ರಗಳಲ್ಲಿ ಉಳಿದ ಎಣ್ಣೆ, ಗಾಳಿ ಓವನ್‌ನಲ್ಲಿ ಗುಳ್ಳೆ ಎಬ್ಬಿಸುತ್ತವೆ. ಅದಕ್ಕೆ ಖಾಲಿ ಕ್ಯಾಲಿಪರ್ ಅನ್ನು ಮೊದಲು 220 ಡಿಗ್ರಿಯಲ್ಲಿ ಒಮ್ಮೆ ಕಾಯಿಸಿ ತೆಗೆಯಬೇಕು. ಸೀಲ್, ಪಿಸ್ಟನ್, ನಿಪ್ಪಲ್ ಬಿಚ್ಚದೇ ಓವನ್‌ಗೆ ಹಾಕಿದರೆ ರಬ್ಬರ್ ಸುಟ್ಟು ಕೂರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಪೌಡರ್‌ನ ನಿಜವಾದ ತೊಂದರೆ ದಪ್ಪ, 60ರಿಂದ 80 ಮೈಕ್ರಾನ್. ಬ್ರಾಕೆಟ್ ಗಾಲಿ ಹೊರುವ ನಕಲ್‌ಗೆ ಕೂಡುವ ಮುಖದ ಮೇಲೆ ಅದು ಉಳಿದರೆ ಬಿಸಿಗೆ ಚಪ್ಪಟೆಯಾಗಿ ಬೋಲ್ಟಿನ ಬಿಗಿ ಸಡಿಲುತ್ತದೆ. ಪ್ಯಾಡ್ ಜಾರುವ ತೋಡಿನಲ್ಲಿ ಉಳಿದರೆ ಪ್ಯಾಡ್ ಕಚ್ಚಿಕೊಳ್ಳುತ್ತದೆ. ಆಯಿಲ್ ಪೈಪ್ ಕೂಡಿಸುವ ಬ್ಯಾಂಜೋ ಬೋಲ್ಟ್‌ನ ತಾಮ್ರದ ವಾಷರ್ ಕೂಡುವ ಮುಖ, ನಿಪ್ಪಲ್ ಸೀಟ್, ಸ್ಲೈಡ್ ಪಿನ್ ರಂಧ್ರ, ಪಿಸ್ಟನ್ ಬೋರ್ ಎಲ್ಲಕ್ಕೂ ಮರೆ ಹಾಕಿಸಿ. ಬಿಸಿ ತಡೆಯುವ ಸಿಲಿಕೋನ್ ಬಿರಡೆಯೇ ಬೇಕು.

ಹೊರಗೆ ಏನು ಹೊಡೆದರೂ ಕ್ಯಾಲಿಪರ್ ಸಾಯುವುದು ಒಳಗಿನಿಂದ. ಬೋರ್ ಗೋಡೆಯಲ್ಲಿ ಚೌಕ ಸೀಲ್ ಕೂಡುವ ತೋಡನ್ನು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಕಂದು ಪದರವಾಗಿ ಜಂಗು ಕಟ್ಟಿರುತ್ತದೆ, ಉಗುರಿಗೆ ತರಿ ತರಿ ಸಿಗುತ್ತದೆ. ಅದು ಸೀಲನ್ನು ಹಿಂದಿನಿಂದ ಒತ್ತಿ ಪಿಸ್ಟನ್ ಹಿಂದೆ ಸರಿಯದಂತೆ ಮಾಡುತ್ತದೆ. ಗಾಲಿ ಕಾಯುವುದು, ಕಾರು ಒಂದು ಕಡೆ ಎಳೆಯುವುದು ಬಹಳ ಸಲ ಇದರಿಂದಲೇ. ದಂತವೈದ್ಯರ ಕೊಕ್ಕೆಯಂಥ ಸಣ್ಣ ಸಲಕರಣೆಯಿಂದ ಕೆರೆದು ತೆಗೆಯಿರಿ, ತೋಡಿನ ಅಂಚಿಗೆ ಗೀರು ಬೀಳಬಾರದು. ಧೂಳು ಒಳಹೋಗದಂತೆ ತಡೆಯುವ ರಬ್ಬರ್ ಕೂಡುವ ಅಂಚಿಗೂ ಇದೇ ಉಪಚಾರ. ಇಂಥ ಸಂದಿಗಳಿಗೆ ಬಣ್ಣ ಹೊಡೆಯಲಾಗದು, ಜಿಂಕ್ ತೆಳುವಾಗಿಯಾದರೂ ಇಳಿಯುತ್ತದೆ. ತೊಳೆಯಲು ಚಿಮಣಿ ಎಣ್ಣೆ, ಪಿನ್‌ಗೆ ಗ್ಯಾರೇಜಿನ ಸಾದಾ ಗ್ರೀಸ್ ಬಳಸಬೇಡಿ, ಎರಡರಿಂದಲೂ ಈ ರಬ್ಬರ್ ಊದಿಕೊಳ್ಳುತ್ತದೆ. ಸಿಲಿಕೋನ್ ಗ್ರೀಸ್ ಇರಲಿ.

ಕೆಂಪೋ ಹಳದಿಯೋ ಬೇಕೇ ಬೇಕೆನ್ನುವವರು ಎರಡು ಭಾಗ ಬೆರೆಸುವ ಎಪಾಕ್ಸಿ ಕ್ಯಾಲಿಪರ್ ಪೇಂಟ್ ಅನ್ನು ಬ್ರಷ್‌ನಲ್ಲಿ ತೆಳುವಾಗಿ ಎರಡು ಕೈ ಹೊಡೆಯಲಿ. ಮರಳು ಹೊಡೆದು ಜಂಗು ತೆಗೆಯುವ ಬ್ಲಾಸ್ಟಿಂಗ್ ಆದ ದಿನವೇ ಹೊಡೆಯಬೇಕು. ಜುಲೈ ತಿಂಗಳ ಧಾರವಾಡದ ಗಾಳಿಗೆ ಬರಿಯ ಬೀಡು ಬೆಳಗಾಗುವುದರೊಳಗೆ ಕೆಂಪಾಗಿರುತ್ತದೆ. ಇಪ್ಪತ್ನಾಲ್ಕು ಗಂಟೆಗೆ ಜೋಡಿಸಬಹುದು, ಪೂರ್ತಿ ಗಟ್ಟಿಯಾಗಲು ವಾರ ಬೇಕು.

ಯಾವುದನ್ನು ಆರಿಸಿದರೂ ಅದೇ ಲೇಪ ಹೊಡೆದ ಒಂದು ಗುಜರಿ ತುಂಡು ಕೇಳಿ ಪಡೆಯಿರಿ. ಡಾಟ್ 4ರಲ್ಲಿ ಅದ್ದಿದ ಹತ್ತಿಯನ್ನು ಅದರ ಮೇಲೆ ಅರ್ಧ ಗಂಟೆ ಇಟ್ಟು, ಉಗುರಿನಿಂದ ಕೆರೆಯಿರಿ. ಹತ್ತಿಗೆ ಬಣ್ಣ ಹತ್ತಿದರೆ, ಅಥವಾ ಉಗುರು ಒಳಗಿಳಿದರೆ, ಆ ಲೇಪ ನಿಮ್ಮ ಕಾರಿಗೆ ಬೇಡ.