ಆಪ್ಷನ್ ಎಂಟ್ರಿಯಲ್ಲಿ ಮೊದಲು ಯಾವುದು: ಸಿಗುವ ಕಾಲೇಜೋ, ಬೇಕಾದ ಕಾಲೇಜೋ?

ಪ್ರಶ್ನೆ: ಮಗಳು ಮದ್ದೂರಿನಲ್ಲಿ ಪಿಯುಸಿ ಮುಗಿಸಿದ್ದಾಳೆ, ಸಿಇಟಿ ರ‍್ಯಾಂಕ್ ಬಂದಿದೆ. ಮೈಸೂರಿನ ಎನ್‌ಐಇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಆಸೆ ಅವಳಿಗೆ. ಈಗ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸ್‌ಗಳನ್ನ ಸಾಲಾಗಿ ಹಾಕಬೇಕು. ‘ಗ್ಯಾರಂಟಿ ಸಿಗೋದನ್ನ ಮೊದಲು ಹಾಕಿ, ಇಲ್ಲಾಂದ್ರೆ ಯಾವುದೂ ಸಿಗಲ್ಲ’ ಅಂತ ಗೊತ್ತಿದ್ದವರು ಹೇಳ್ತಿದ್ದಾರೆ. ಏನು ಮಾಡೋದು?

ಉತ್ತರ: ಬೇಕಾದದ್ದನ್ನೇ ಮೊದಲು ಹಾಕಿ. ನಿಮಗೆ ಸಿಕ್ಕಿರುವ ಸಲಹೆ ಪೂರ್ತಿ ತಪ್ಪು. ಪ್ರತಿ ವರ್ಷ ಒಳ್ಳೆಯ ರ‍್ಯಾಂಕಿನ ಮಕ್ಕಳು ಇದರಿಂದಲೇ ಕೆಡುತ್ತಾರೆ.

ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚುವಾಗ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನೇ ನೋಡುತ್ತದೆ. ನಿಮ್ಮ ಮಗಳ ಸರದಿ ಬಂದಾಗ ಅವಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ, ಖಾಲಿ ಇರುವ ಮೊದಲ ಸೀಟು ಕೊಟ್ಟು ಅಲ್ಲಿಗೇ ನಿಲ್ಲಿಸುತ್ತದೆ. ಎನ್‌ಐಇ ಒಂದನೆಯದು, ಮಂಡ್ಯದ ಪಿಇಎಸ್ ಕಾಲೇಜು ಎಂಟನೆಯದು ಅಂದುಕೊಳ್ಳಿ. ಮೇಲಿನ ಏಳೂ ತುಂಬಿದ್ದು ಪಿಇಎಸ್ ಸೀಟು ಖಾಲಿ ಇದ್ದರೆ ಅದು ಅವಳದೇ. ಅವಳಿಗಿಂತ ಹಿಂದಿನ ರ‍್ಯಾಂಕಿನವರು ಪಿಇಎಸ್ ಅನ್ನು ಒಂದನೆಯದಾಗಿ ಹಾಕಿದ್ದರೂ ಅವರ ಸರದಿ ಅವಳ ನಂತರವೇ. ಆಸೆಪಟ್ಟದ್ದನ್ನು ಮೇಲೆ ಬರೆದದ್ದಕ್ಕೆ ಕಳೆದುಕೊಳ್ಳುವುದು ಏನೂ ಇಲ್ಲ.

ಉಲ್ಟಾ ಮಾಡಿದರೆ ನಷ್ಟ. ಪಿಇಎಸ್ ಮೆಕ್ಯಾನಿಕಲ್ ಮೇಲಿದ್ದರೆ ಅದೇ ಸಿಗುತ್ತದೆ, ಕೆಳಗಿನ ಎನ್‌ಐಇ ಖಾಲಿ ಇದ್ದರೂ ಯಾರೂ ನೋಡುವುದಿಲ್ಲ. ಸಿಕ್ಕ ಸೀಟು ಇಟ್ಟುಕೊಂಡು ಮುಂದಿನ ಸುತ್ತಿಗೆ ಹೋದರೂ ಅದಕ್ಕಿಂತ ಮೇಲಿನ ಆಪ್ಷನ್‌ಗಳಷ್ಟೇ ಲೆಕ್ಕಕ್ಕೆ.

ಯಾವುದೂ ಸಿಗದಿರುವುದು ಪಟ್ಟಿ ಚಿಕ್ಕದಾದಾಗ. ಹತ್ತು ಆಪ್ಷನ್ ಹಾಕಿ ಕೂರಬೇಡಿ, ನಲವತ್ತು ಐವತ್ತಾದರೂ ಇರಲಿ. ಒಂದು ಕಾಲೇಜು, ಒಂದು ಕೋರ್ಸ್ ಸೇರಿದರೆ ಒಂದು ಆಪ್ಷನ್. ಪ್ರತಿ ಸಾಲಿನ ಪಕ್ಕದಲ್ಲಿ ಶುಲ್ಕ ಇರುತ್ತದೆ, ಓದಿ: ಒಂದೇ ಕಾಲೇಜಿನಲ್ಲಿ ಅನುದಾನಿತ ಸೀಟಿಗೊಂದು, ಅನುದಾನರಹಿತ ಸೀಟಿಗೊಂದು ಶುಲ್ಕ ಇರಬಹುದು. ಊರೂ ನೋಡಿ. ಮಹಾರಾಜ ಇನ್‌ಸ್ಟಿಟ್ಯೂಟ್‌ಗೆ ಮೈಸೂರಿನ ಹೆಸರಿದ್ದರೂ ಅದಿರುವುದು ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ. ಮದ್ದೂರಿನಿಂದ ಓಡಾಡುವವರಿಗೆ ಇದು ಮುಖ್ಯ. ಕೊಟ್ಟರೂ ಸೇರುವುದಿಲ್ಲ ಅನ್ನುವ ಕಾಲೇಜನ್ನು ಪಟ್ಟಿಗೆ ಸೇರಿಸಲೇಬೇಡಿ.

ನಿಜವಾದ ಹಂಚಿಕೆಗೆ ಮುಂಚೆ ಪ್ರಯೋಗಕ್ಕೆ ಮಾಡುವ ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ಬಂದಾಗ ಗಾಬರಿ ಬೇಡ, ಅದು ಸೀಟಲ್ಲ. ಆಮೇಲೂ ಆಪ್ಷನ್ ಸೇರಿಸಲು, ತೆಗೆಯಲು, ಮೇಲೆ ಕೆಳಗೆ ಮಾಡಲು ಅವಕಾಶ ಕೊಡುತ್ತಾರೆ. ಇಷ್ಟವಿಲ್ಲದ್ದು ಬಂದಿದ್ದರೆ ಅದರ ಮೇಲೆ ಇನ್ನೂ ಏನೇನು ಹಾಕಬಹುದು ಅಂತ ಯೋಚಿಸಿ. ದಾಖಲೆ ಪರಿಶೀಲನೆಯ ನಂತರ ಸಿಗುವ ವೆರಿಫಿಕೇಶನ್ ಸ್ಲಿಪ್‌ನಲ್ಲಿ ಜಾತಿ ಪ್ರವರ್ಗ, ಗ್ರಾಮೀಣ, ಕನ್ನಡ ಮಾಧ್ಯಮದ ಮೀಸಲು ದಾಖಲಾಗಿದೆಯೇ ಅನ್ನುವುದನ್ನೂ ಆಗಲೇ ನೋಡಿಕೊಳ್ಳಿ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು ಶೇ. 15.

ನಿಜವಾದ ಹಂಚಿಕೆಯ ನಂತರ ಚಾಯ್ಸ್ ಕೇಳುತ್ತಾರೆ. ಸೀಟು ಒಪ್ಪಿದ್ದರೆ 1: ಶುಲ್ಕ ಕಟ್ಟಿ ಕಾಲೇಜಿಗೆ ಸೇರುವುದು. ಸೀಟು ಇರಲಿ, ಇನ್ನೂ ಮೇಲಿನದು ಬೇಕು ಅಂದರೆ 2. ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ರದ್ದು, ಆಮೇಲೆ ‘ಮೊದಲಿನದೇ ಕೊಡಿ’ ಅಂದರೆ ಬರುವುದಿಲ್ಲ. 3 ಅಂದರೆ ಕೈಯಲ್ಲಿದ್ದ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. 2 ಅಂದುಕೊಂಡು 3 ಒತ್ತಿ ಅಳುವವರಿದ್ದಾರೆ. 4 ಒತ್ತಿದರೆ ಪ್ರಕ್ರಿಯೆಯಿಂದಲೇ ಹೊರಗೆ. ಒತ್ತುವಾಗ ಮಗಳೇ ಪರದೆಯ ಮುಂದೆ ಕೂತಿರಲಿ, ಪಾಸ್‌ವರ್ಡ್ ಸೈಬರ್ ಸೆಂಟರಿನಲ್ಲಿ ಬಿಟ್ಟು ಬರಬೇಡಿ.