ಹಾಳ್‌ನ ಐದು ಸ್ವರ, ಖೋಡದ್‌ನ ಒಂದು ಗೆರೆ

ಮುಂಬಯಿಯಿಂದ ಪುಣೆಗೆ ಹಳೆಯ ಹೆದ್ದಾರಿ ಹಿಡಿದು ಹೋಗುವವರಿಗೆ ಖೋಪೋಲಿ ಎಂದರೆ ಬೋರ್ ಘಾಟಿನ ಏರು ಶುರುವಾಗುವ ಊರು, ಚಹಾ ಕುಡಿದು ಕೈಕಾಲು ಆಡಿಸುವ ಜಾಗ, ಅಷ್ಟೇ. ಅದೇ ಸೀಮೆಯಲ್ಲಿ, ಖಾಲಾಪುರದ ಹತ್ತಿರ, ಹಾಳ್ ಎಂಬ ಹಳ್ಳಿಯಿದೆ. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿ 1977ರ ನವೆಂಬರಿನಲ್ಲಿ ತೆರೆಗೆ ಬಂದ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್’ ಚಿತ್ರದಲ್ಲಿ ಭಾರತದ ದೃಶ್ಯವೊಂದಿದೆಯಲ್ಲ, ಅದನ್ನು ತೆಗೆದದ್ದು ಇಲ್ಲಿ. ತೆರೆಯ ಮೇಲೆ ಊರಿನ ಹೆಸರು ಉತ್ತರ ಭಾರತದ ಧರ್ಮಶಾಲಾ. ಮಣ್ಣು ಮಾತ್ರ ಮಹಾರಾಷ್ಟ್ರದ್ದು. ಬಯಲಲ್ಲಿ ಸೇರಿದ ಭಾರೀ ಜನಸಮೂಹ ಐದು ಸ್ವರಗಳ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತದೆ. ಈ ಸ್ವರ ಎಲ್ಲಿಂದ ಬಂತು ಎಂದು ಕೇಳಿದೊಡನೆ ಎಲ್ಲರ ತೋರುಬೆರಳೂ ಒಟ್ಟಿಗೆ ಆಕಾಶಕ್ಕೆ ಏಳುತ್ತದೆ.

ನನಗೆ ಆ ದೃಶ್ಯ ತುಂಬ ಇಷ್ಟ. ಅದರಿಂದ ಆಗುವ ಕಿರಿಕಿರಿಯೂ ಅಷ್ಟೇ. ಹಾಡುವುದು, ಬೆರಳು ತೋರಿಸುವುದು ನಮ್ಮವರ ಪಾಲಿಗೆ. ಧ್ವನಿಮುದ್ರಿಸಿಕೊಂಡು ಅರ್ಥ ಹುಡುಕುವುದು ಹೊರಗಿನಿಂದ ಬಂದ ವಿಜ್ಞಾನಿಗಳ ಪಾಲಿಗೆ. ಚಿತ್ರ ತೆಗೆಯುವ ಹೊತ್ತಿಗೆ ಊಟಿಯ ಗುಡ್ಡದ ಇಳಿಜಾರಿನಲ್ಲಿ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕ ಕೆಲಸ ಶುರುಮಾಡಿ ವರ್ಷಗಳೇ ಕಳೆದಿದ್ದವು. ಅದನ್ನು ಕಟ್ಟಿದ ಗೋವಿಂದ ಸ್ವರೂಪರು ಸೇರಿದ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಇದ್ದದ್ದು ಮುಂಬಯಿಯ ಕೊಲಾಬಾದಲ್ಲಿ. ಆಕಾಶಕ್ಕೆ ಕಿವಿಗೊಡುವ ಕಸುಬು ಈ ಸೀಮೆಗೆ ಹೊಸದೇನಲ್ಲ. 1965ರಲ್ಲಿ ಇದೇ ಸ್ವರೂಪರು ಕಲ್ಯಾಣದಲ್ಲಿ 32 ಸಣ್ಣ ಬುಟ್ಟಿ ಆಂಟೆನಾಗಳನ್ನು ಸಾಲಾಗಿ ನಿಲ್ಲಿಸಿ ಸೂರ್ಯನ ರೇಡಿಯೋ ಅಲೆಗಳನ್ನು ಅಳೆದಿದ್ದರು. ಡೊಂಬಿವಲಿ, ಕಲ್ಯಾಣದ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ! ಆ ಬುಟ್ಟಿಗಳು ಬಂದದ್ದು ಆಸ್ಟ್ರೇಲಿಯಾದ ಸಿಡ್ನಿಯ ಪಾಟ್ಸ್ ಹಿಲ್‌ನಿಂದ. ಪಾಟ್ಸ್ ಹಿಲ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಿತ್ರದ ಹಾರುವ ತಟ್ಟೆಗಳ ಬಗ್ಗೆ ನನಗೆ ಹೇಳುವುದು ಹೆಚ್ಚಿಲ್ಲ. ಬೆಳಕಿನ ತೇರಿನಂಥ ನೌಕೆ ಕಣ್ಣಿಗೆ ಹಬ್ಬ, ವಿಜ್ಞಾನಕ್ಕೆ ಸೊನ್ನೆ. ಐದು ಸ್ವರಗಳ ಉಪಾಯ ಹಾಗಲ್ಲ. ಜಾನ್ ವಿಲಿಯಮ್ಸ್ ಹೊಸೆದ ಆ ಸಾಲನ್ನು ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ರಿ, ಗ, ಸ, ಆಮೇಲೆ ಮಂದ್ರದ ಸ, ಮಂದ್ರದ ಪ. ಮಾತು ಬಾರದ ಇಬ್ಬರು ಮಾತು ಶುರುಮಾಡಬೇಕಾದರೆ ಇಬ್ಬರಿಗೂ ಮೊದಲೇ ಗೊತ್ತಿರುವ ಯಾವುದಾದರೊಂದರಿಂದ ಶುರುಮಾಡಬೇಕು ಎಂಬ ತರ್ಕ ಅದರ ಹಿಂದಿದೆ. ತರ್ಕ ಗಟ್ಟಿ, ಆಯ್ಕೆ ದುರ್ಬಲ. ಸಂಗೀತ ಕೇಳಲು ಗಾಳಿ ಬೇಕು, ಕಿವಿ ಬೇಕು. ಸಪ್ತಕವನ್ನು ಹನ್ನೆರಡು ಸ್ವರಸ್ಥಾನಗಳಾಗಿ ಒಡೆಯುವ ನಮ್ಮ ಅಭ್ಯಾಸವೂ ಬೇಕು. ಅನ್ಯಗ್ರಹದವರಿಗೆ ಇವ್ಯಾವುವೂ ಇರಬೇಕಾಗಿಲ್ಲ.

ಇದಕ್ಕಿಂತ ಒಳ್ಳೆಯ ಸ್ವರವೊಂದನ್ನು ಇಬ್ಬರು ಭೌತವಿಜ್ಞಾನಿಗಳು 1959ರಲ್ಲೇ ಆರಿಸಿಟ್ಟಿದ್ದರು. ಜುಸೆಪ್ಪೆ ಕೊಕೋನಿ ಮತ್ತು ಫಿಲಿಪ್ ಮಾರಿಸನ್ ‘ನೇಚರ್’ ಪತ್ರಿಕೆಯಲ್ಲಿ ಬರೆದ ಚಿಕ್ಕ ಲೇಖನದ ಸಾರ ಇಷ್ಟು: ಯಾರಾದರೂ ನಮಗೆ ರೇಡಿಯೋ ಸಂದೇಶ ಕಳಿಸುವುದಾದರೆ 1420 ಮೆಗಾಹರ್ಟ್ಸ್ ಬಳಿ ಕಳಿಸುತ್ತಾರೆ, ಅಲ್ಲೇ ಹುಡುಕಿ. ಮರುವರ್ಷವೇ ಫ್ರಾಂಕ್ ಡ್ರೇಕ್ ಅಮೆರಿಕದ ಗ್ರೀನ್ ಬ್ಯಾಂಕಿನಲ್ಲಿ ದೂರದರ್ಶಕವನ್ನು ಟೌ ಸೆಟಿ ಮತ್ತು ಎಪ್ಸಿಲಾನ್ ಎರಿಡಾನಿ ನಕ್ಷತ್ರಗಳತ್ತ ತಿರುಗಿಸಿದ. ಏನೂ ಸಿಗಲಿಲ್ಲ.

ಅದೇ ಆವೃತ್ತಿ ಏಕೆ? ಜಲಜನಕದ ಪರಮಾಣುವಿನಲ್ಲಿ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಸ್ಪಿನ್ ಎಂಬ ಗುಣದಿಂದಾಗಿ ಎರಡೂ ಅತಿ ಪುಟ್ಟ ಆಯಸ್ಕಾಂತಗಳು. ಎರಡರ ಸ್ಪಿನ್ ಒಂದೇ ದಿಕ್ಕಿಗಿದ್ದರೆ ಪರಮಾಣುವಿನ ಶಕ್ತಿ ಕೂದಲೆಳೆಯಷ್ಟು ಹೆಚ್ಚು, ಎದುರುಬದುರಾಗಿದ್ದರೆ ಕಡಿಮೆ. ಹೆಚ್ಚಿನ ಸ್ಥಿತಿಯಲ್ಲಿರುವ ಪರಮಾಣುವಿನ ಎಲೆಕ್ಟ್ರಾನ್ ಮಗುಚಿಕೊಂಡರೆ ಮಿಕ್ಕ ಶಕ್ತಿ ರೇಡಿಯೋ ಅಲೆಯಾಗಿ ಹೊರಬೀಳುತ್ತದೆ. ಅದರ ತರಂಗದೂರ 21 ಸೆಂಟಿಮೀಟರ್, ಆವೃತ್ತಿ 1420.4 ಮೆಗಾಹರ್ಟ್ಸ್. ಸೋಜಿಗವೆಂದರೆ ಪರಮಾಣುವನ್ನು ಅದರ ಪಾಡಿಗೆ ಬಿಟ್ಟರೆ ಹೀಗೆ ಮಗುಚಿಕೊಳ್ಳಲು ಸರಾಸರಿ 1.1 ಕೋಟಿ ವರ್ಷ ಹಿಡಿಯುತ್ತದೆ! ಅಷ್ಟು ಸೋಮಾರಿ ಪರಮಾಣು ಯಾರ ಕಣ್ಣಿಗೆ ಬೀಳಬೇಕು? ಆದರೆ ಆಕಾಶದಲ್ಲಿ ಜಲಜನಕಕ್ಕೆ ಬರವಿಲ್ಲ. ಒಂದೊಂದು ಗೆಲಾಕ್ಸಿಯಲ್ಲೂ ಊಹೆಗೆ ನಿಲುಕದಷ್ಟು ಪರಮಾಣುಗಳಿರುವಾಗ, ಪ್ರತಿ ಕ್ಷಣವೂ ಅವುಗಳಲ್ಲಿ ಅಸಂಖ್ಯ ಮಗುಚಿಕೊಳ್ಳುತ್ತಲೇ ಇರುತ್ತವೆ. ಡಚ್ ವಿಜ್ಞಾನಿ ಹೆಂಡ್ರಿಕ್ ವಾನ್ ಡೆ ಹುಲ್ಸ್ಟ್ 1944ರಲ್ಲಿ, ಅವನ ದೇಶ ಇನ್ನೂ ನಾಜಿಗಳ ಹಿಡಿತದಲ್ಲಿದ್ದಾಗ, ಇದನ್ನು ಲೆಕ್ಕ ಹಾಕಿ ಹೇಳಿದ. 1951ರಲ್ಲಿ ಅಮೆರಿಕದ ಹೆರಾಲ್ಡ್ ಯೂಯೆನ್ ಮತ್ತು ಎಡ್ವರ್ಡ್ ಪರ್ಸೆಲ್ ಅದನ್ನು ಹಿಡಿದರು. ಬೆನ್ನಿಗೇ ಹಾಲೆಂಡ್ ಮತ್ತು ಸಿಡ್ನಿಯಿಂದ ಖಚಿತವಾಯಿತು. ಸಿಡ್ನಿಯಲ್ಲಿ ಎಲ್ಲಿ? ಕಲ್ಯಾಣಕ್ಕೆ ಬುಟ್ಟಿಗಳನ್ನು ಕೊಟ್ಟ ಅದೇ ಪಾಟ್ಸ್ ಹಿಲ್‌ನಲ್ಲಿ.

ರೇಡಿಯೋ ಕಟ್ಟಲು ಗೊತ್ತಿರುವ ಯಾವ ಜೀವಿಯೇ ಆಗಲಿ ಈ ಆವೃತ್ತಿಯನ್ನು ಕಂಡುಕೊಂಡೇ ಇರುತ್ತದೆ. 1977ರಲ್ಲೇ ಹೊರಟ ವಾಯೇಜರ್ ನೌಕೆಗಳಲ್ಲಿ ಭೂಮಿಯ ಧ್ವನಿಗಳನ್ನು ತುಂಬಿಟ್ಟ ಗ್ರಾಮಫೋನ್ ಮಾದರಿಯ ಚಿನ್ನದ ತಟ್ಟೆಯಿದೆ. ಅದರ ಹೊದಿಕೆಯ ಮೇಲೆ ಜಲಜನಕದ ಇದೇ ಮಗುಚಾಟದ ಚಿತ್ರವಿದೆ; ತಟ್ಟೆಯನ್ನು ಎಷ್ಟು ವೇಗದಲ್ಲಿ ತಿರುಗಿಸಬೇಕೆಂಬುದನ್ನು ಅದನ್ನೇ ಅಳತೆಗೋಲಾಗಿಸಿ ಬರೆದಿದ್ದಾರೆ. ಒಳಗೆ ಗೋವೆಯ ಕೇರಿಯಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್ ಅವರ ಭೈರವಿ ಇದೆ. 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡವೂ ಇದೆ: “ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.”

ಈಗ ನನ್ನ ತಕರಾರಿಗೆ ಬರುತ್ತೇನೆ. 2023ರ ಜನವರಿಯಲ್ಲಿ ಪುಣೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸುದ್ದಿ ಗಿರಕಿ ಹೊಡೆಯಿತು: ನಾರಾಯಣಗಾಂವ್ ಬಳಿ ಖೋಡದ್‌ನಲ್ಲಿರುವ ರೇಡಿಯೋ ದೂರದರ್ಶಕ ಜಿಎಂಆರ್‌ಟಿಗೆ ಅನ್ಯಗ್ರಹದವರ ಸಂದೇಶ ಬಂದಿದೆಯಂತೆ. ಗ್ರಹಗತಿ, ಪ್ರಳಯ ಎಲ್ಲ ಅದಕ್ಕೆ ಅಂಟಿಕೊಂಡವು. ಇಂಜಿನಿಯರಿಂಗ್ ಓದಿ ಹಿಂಜೆವಾಡಿಯಲ್ಲಿ ಕೋಡ್ ಬರೆಯುವವರೇ ಮುಂದೆ ಕಳಿಸಿದರು ಎಂಬುದು ನನಗಾದ ಬೇಸರ. ನಡೆದದ್ದು ಬೇರೆಯೇ. ಮೆಕ್‌ಗಿಲ್ ವಿಶ್ವವಿದ್ಯಾಲಯದ ಅರ್ಣಬ್ ಚಕ್ರವರ್ತಿ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಬಹಳ ದೂರದ ಒಂದು ಗೆಲಾಕ್ಸಿಯ ಜಲಜನಕದ ಗೆರೆಯನ್ನು, ಅಂದರೆ ಆ 21 ಸೆಂಟಿಮೀಟರ್ ಅಲೆ ಆವೃತ್ತಿಗಳ ನಕ್ಷೆಯಲ್ಲಿ ಮೂಡಿಸುವ ಗುರುತನ್ನು, ಹಿಡಿದಿದ್ದರು. ಆ ಅಲೆ ಹೊರಟು ಸುಮಾರು 880 ಕೋಟಿ ವರ್ಷಗಳಾಗಿದ್ದವು. ಅಷ್ಟರಲ್ಲಿ ವಿಶ್ವವೇ ಹಿಗ್ಗಿದ್ದರಿಂದ 21 ಸೆಂಟಿಮೀಟರಿನ ಅಲೆ 48 ಸೆಂಟಿಮೀಟರ್ ಆಗಿತ್ತು. ದಾರಿಯಲ್ಲಿದ್ದ ಇನ್ನೊಂದು ಗೆಲಾಕ್ಸಿಯ ಗುರುತ್ವ ಮಸೂರದಂತೆ ಕೆಲಸ ಮಾಡಿ ಅದನ್ನು ಸುಮಾರು ಮೂವತ್ತು ಪಟ್ಟು ಹಿಗ್ಗಿಸಿ ತೋರಿಸಿತ್ತು. ಇಷ್ಟು ಅದ್ಭುತ ಸಂಗತಿಯನ್ನು ಬಿಟ್ಟು ಹಸಿರು ಮನುಷ್ಯರ ಕಥೆ ಕಟ್ಟುವವರಿಗೆ ಏನೆನ್ನಬೇಕು?

“ಜಲಜನಕದ ಆವೃತ್ತಿಯಲ್ಲೇ ಹುಡುಕಬೇಕು ಎಂದವರು ನೀವೇ, ಅದೇ ಸಿಕ್ಕಾಗ ಅಲ್ಲ ಎನ್ನುವವರೂ ನೀವೇ” ಎಂದು ಒಬ್ಬ ಹಿರಿಯರು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಇರುವುದು ಗೆರೆಯ ಅಗಲದಲ್ಲಿ.

ದಾದರ್ ಸೇತುವೆಯ ಮೇಲೆ ನಿಂತಿದ್ದೀರಿ ಎಂದುಕೊಳ್ಳಿ. ಕೆಳಗೆ ಹಾದುಹೋಗುವ ಎಲ್ಲ ಲೋಕಲ್‌ಗಳಿಗೂ ಒಂದೇ ಶ್ರುತಿಯ ಹಾರ್ನ್ ಇದೆ. ನಿಮ್ಮತ್ತ ಬರುವ ರೈಲಿನ ಹಾರ್ನ್ ತುಸು ಏರಿದ ಶ್ರುತಿಯಲ್ಲಿ ಕೇಳುತ್ತದೆ, ದೂರ ಸರಿಯುವುದರದ್ದು ತುಸು ಇಳಿದು. ವೇಗದ ರೈಲು ಹೆಚ್ಚು ಏರುತ್ತದೆ, ನಿಧಾನದ್ದು ಕಡಿಮೆ. ಚರ್ಚ್‌ಗೇಟಿನತ್ತ, ವಿರಾರ್‌ನತ್ತ, ಕಲ್ಯಾಣದತ್ತ ಹೋಗುವ ನೂರು ರೈಲುಗಳು ಒಟ್ಟಿಗೆ ಹಾರ್ನ್ ಹಾಕಿದರೆ ನಿಮಗೆ ಒಂದು ಶ್ರುತಿ ಕೇಳುವುದಿಲ್ಲ. ಏರಿಳಿದ ಶ್ರುತಿಗಳೆಲ್ಲ ಸೇರಿದ ಅಗಲವಾದ ಗದ್ದಲ ಕೇಳುತ್ತದೆ. ನಿಲ್ದಾಣದಲ್ಲಿ ನಿಂತ ಒಂದೇ ರೈಲು ಹಾರ್ನ್ ಹಾಕಿದರೆ ಮಾತ್ರ ಶ್ರುತಿ ಶುದ್ಧ. ಪ್ರಕೃತಿಯ ಜಲಜನಕ ನೂರು ರೈಲುಗಳ ಹಾಗೆ. 100 ಕೆಲ್ವಿನ್‌ನಷ್ಟು ತಣ್ಣಗಿನ ಅನಿಲದಲ್ಲೂ ಪರಮಾಣುಗಳು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ವೇಗದಲ್ಲಿ ಅಡ್ಡಾದಿಡ್ಡಿ ಓಡುತ್ತಿರುತ್ತವೆ. ಅಷ್ಟಕ್ಕೇ ಗೆರೆ ಸಾವಿರಾರು ಹರ್ಟ್ಸ್ ಅಗಲವಾಗುತ್ತದೆ. ಗೆಲಾಕ್ಸಿಯಲ್ಲಂತೂ ಅನಿಲ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಸುತ್ತುವುದರಿಂದ ಗೆರೆ ಲಕ್ಷಾಂತರ ಹರ್ಟ್ಸ್‌ಗೆ ಹರಡಿ ದಿಬ್ಬದಂತೆ ಕಾಣುತ್ತದೆ. ನಮಗೆ ಗೊತ್ತಿರುವ ಪ್ರಕೃತಿಯ ಅತಿ ಸಪೂರ ಗೆರೆಗಳೂ ನೂರಾರು ಹರ್ಟ್ಸ್ ಅಗಲ. ಒಂದೆರಡು ಹರ್ಟ್ಸ್ ಅಗಲದ ಗೆರೆಯನ್ನು ಎಳೆಯಬಲ್ಲದ್ದು ಯಂತ್ರವೊಂದೇ. ಆದ್ದರಿಂದ ಆವೃತ್ತಿ ಯಾವುದು ಎಂಬುದಕ್ಕಿಂತ ಗೆರೆ ಎಷ್ಟು ಸಪೂರ ಎಂಬುದೇ ಮುಖ್ಯ.

ಅಂಥ ಸಪೂರ ಗೆರೆಯೊಂದು ಅನ್ಯಗ್ರಹದಿಂದ ನಮ್ಮ ಪುಣೆ ಜಿಲ್ಲೆಗೆ ನಿಜಕ್ಕೂ ಬಂದಿದೆ. 2016ರ ಅಕ್ಟೋಬರ್ 19ರಂದು ಯುರೋಪಿನ ಸ್ಕಿಯಾಪರೆಲ್ಲಿ ನೌಕೆ ಮಂಗಳನ ವಾತಾವರಣಕ್ಕೆ ನುಗ್ಗಿತು. ಅದರಲ್ಲಿದ್ದದ್ದು ಕೆಲವೇ ವಾಟ್‌ನ ಪ್ರಸಾರಕ. ಹತ್ತಿರದ ಉಪಗ್ರಹಕ್ಕೆ ಕೇಳಿಸಲೆಂದು ಇಟ್ಟದ್ದು, ಭೂಮಿಗಲ್ಲ. ಖೋಡದ್‌ನ ಜಿಎಂಆರ್‌ಟಿ ಅದನ್ನು 401 ಮೆಗಾಹರ್ಟ್ಸ್ ಬಳಿ ಹಿಡಿದು ಹಿಂಬಾಲಿಸಿತು. ನೌಕೆಯ ವೇಗ ಕುಗ್ಗಿದಂತೆ ಪರದೆಯ ಮೇಲಿನ ಗೆರೆ ಬಾಗಿತು. ನೆಲ ಮುಟ್ಟಬೇಕಾದ ಹೊತ್ತಿಗೆ ಇನ್ನೂ ಒಂದು ನಿಮಿಷದಷ್ಟು ಇರುವಾಗಲೇ ಗೆರೆ ನಿಂತುಹೋಯಿತು. ನೌಕೆ ಮಂಗಳಕ್ಕೆ ಅಪ್ಪಳಿಸಿತ್ತು ಎಂಬುದು ಆಮೇಲೆ ತಿಳಿಯಿತು.

ಖೋಡದ್‌ನಲ್ಲಿ ಇಂಥ ಕೆಲಸ ಮಾಡುವ ಬುಟ್ಟಿಗಳು 30, ಪ್ರತಿಯೊಂದರ ವ್ಯಾಸ 45 ಮೀಟರ್. ಹದಿನಾಲ್ಕು ಒಂದೇ ಕಡೆ ಗುಂಪಾಗಿವೆ. ಉಳಿದವು ಟೊಮೆಟೊ, ದ್ರಾಕ್ಷಿ, ಕಬ್ಬಿನ ನಡುವೆ ಮೂರು ಕವಲಾಗಿ ಹರಡಿವೆ. ಹತ್ತಿರ ಹೋಗಿ ಕತ್ತೆತ್ತಿದರೆ ತಗಡೇ ಇಲ್ಲ! ಹಗ್ಗದಂತೆ ಬಿಗಿದ ಉಕ್ಕಿನ ತಂತಿಗಳ ಮೇಲೆ ಹಾಸಿದ ಜಾಲರಿ, ಅದರ ತಂತಿಯ ದಪ್ಪ ಅರ್ಧ ಮಿಲಿಮೀಟರ್ ಚಿಲ್ಲರೆ, ಕಿಂಡಿಗಳು ಒಂದರಿಂದ ಎರಡು ಸೆಂಟಿಮೀಟರ್. ಬುಟ್ಟಿಯೊಳಗಿನಿಂದಲೇ ಮೋಡ ಕಾಣುತ್ತದೆ. ಗಾಳಿ ಸರಾಗವಾಗಿ ನುಸುಳುತ್ತದೆ, ಖರ್ಚೂ ಕಡಿಮೆ. 21 ಸೆಂಟಿಮೀಟರಿನ ಅಲೆಗೆ ಮಾತ್ರ ಆ ಕಿಂಡಿಗಳು ಲೆಕ್ಕಕ್ಕಿಲ್ಲ, ಅದಕ್ಕೆ ಅದು ಕನ್ನಡಿಯೇ. ಇದನ್ನೂ ಕಟ್ಟಿದ ಸ್ವರೂಪರ ಜಾಣತನದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದು.

ಗೆರೆ ಸಪೂರವಾಗಿದ್ದರೂ ಸಾಲದು, ಏಕೆಂದರೆ ನಮ್ಮ ಮೊಬೈಲು, ಉಪಗ್ರಹ, ರೇಡಾರುಗಳೂ ಸಪೂರ ಗೆರೆಗಳನ್ನೇ ಎಳೆಯುತ್ತವೆ. ಅವುಗಳನ್ನು ಬೇರ್ಪಡಿಸಲು ಭೂಮಿಯ ತಿರುಗಾಟ ನೆರವಿಗೆ ಬರುತ್ತದೆ. ಭೂಮಿ ತಿರುಗುವಾಗ ಖೋಡದ್ ಕೂಡ ತಿರುಗುವುದರಿಂದ, ದೂರದ ನಕ್ಷತ್ರದ ಕಡೆಯಿಂದ ಬರುವ ಗೆರೆಯ ಆವೃತ್ತಿ ನಿಂತಲ್ಲಿ ನಿಲ್ಲದೆ ಜರಗುತ್ತದೆ. 1420 ಮೆಗಾಹರ್ಟ್ಸ್ ಬಳಿ ಸೆಕೆಂಡಿಗೆ ಹೆಚ್ಚೆಂದರೆ 0.15 ಹರ್ಟ್ಸ್‌ನಷ್ಟು. ಪಕ್ಕದ ಊರಿನ ಟವರು ನಮ್ಮ ಜೊತೆಗೇ ತಿರುಗುವುದರಿಂದ ಅದರ ಗೆರೆ ಜರಗುವುದಿಲ್ಲ. ಇನ್ನೊಂದು ಪರೀಕ್ಷೆಯೆಂದರೆ ದೂರದರ್ಶಕವನ್ನು ನಕ್ಷತ್ರದಿಂದ ಆಚೆ ತಿರುಗಿಸಿ ನೋಡುವುದು. ಆಗಲೂ ಗೆರೆ ಉಳಿದರೆ ಅದು ನಮ್ಮದೇ ಗದ್ದಲ. ಮೂರನೆಯದು, ಮತ್ತೆ ಬರಬೇಕು. 1977ರ ಆಗಸ್ಟ್ 15ರಂದು ಅಮೆರಿಕದ ಒಹಾಯೋದಲ್ಲಿ 1420 ಮೆಗಾಹರ್ಟ್ಸ್ ಬಳಿಯೇ 72 ಸೆಕೆಂಡು ಸಿಕ್ಕಿ, ಮುದ್ರಿತ ಹಾಳೆಯ ಅಂಚಿನಲ್ಲಿ ಜೆರಿ ಎಮನ್ ‘ವಾವ್’ ಎಂದು ಬರೆದ ಸಂಕೇತ ಸೋತದ್ದು ಇಲ್ಲಿಯೇ. ಎಷ್ಟು ಹುಡುಕಿದರೂ ಅದು ಮತ್ತೆ ಸಿಕ್ಕಿಲ್ಲ.

2019ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯತ್ತ ನೋಡುತ್ತಿದ್ದಾಗ 982 ಮೆಗಾಹರ್ಟ್ಸ್‌ನಲ್ಲಿ ಸಪೂರ ಗೆರೆಯೊಂದು ಕಂಡಿತು. ಜರಗುತ್ತಲೂ ಇತ್ತು, ದೂರದರ್ಶಕ ಆಚೆ ತಿರುಗಿದಾಗ ಕಾಣೆಯೂ ಆಗುತ್ತಿತ್ತು. ಪತ್ರಿಕೆಗಳು ಸಂಭ್ರಮಿಸಿದವು. ವಿಜ್ಞಾನಿಗಳು ಹಳೆಯ ದತ್ತಾಂಶವನ್ನೆಲ್ಲ ಜಾಲಾಡಿದಾಗ ಅದೇ ಚಹರೆಯ ಗೆರೆಗಳು ಬೇರೆ ಆವೃತ್ತಿಗಳಲ್ಲೂ ಸಿಕ್ಕವು. ಅವುಗಳ ನಡುವಿನ ಅಂತರ ಸಾಮಾನ್ಯ ಎಲೆಕ್ಟ್ರಾನಿಕ್ ಉಪಕರಣಗಳೊಳಗಿನ ಗಡಿಯಾರಗಳ ಆವೃತ್ತಿಗೆ ತಾಳೆಯಾಯಿತು. 2021ರಲ್ಲಿ ಅದೂ ನಮ್ಮದೇ ಗದ್ದಲ ಎಂದು ಆ ಕಡತವನ್ನು ಮುಚ್ಚಿದರು.

ರಾಷ್ಟ್ರೀಯ ವಿಜ್ಞಾನ ದಿನದ ಸುಮಾರಿಗೆ, ಫೆಬ್ರವರಿ ಕೊನೆಯಲ್ಲಿ, ಖೋಡದ್‌ನ ಆವರಣವನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವ ಕನ್ನಡ ಕುಟುಂಬಗಳು ಪುಣೆಯಲ್ಲಿ ಸಾಕಷ್ಟಿವೆ. ಹೋದವರು ಅಲ್ಲಿನ ವಿಜ್ಞಾನಿಗಳನ್ನು ಅನ್ಯಗ್ರಹದವರು ಸಿಕ್ಕರೇ ಎಂದು ಕೇಳುವ ಬದಲು ಸ್ಥಳೀಯ ಗದ್ದಲವನ್ನು ಹೇಗೆ ಸೋಸುತ್ತೀರಿ ಎಂದು ಕೇಳಲಿ. ವಿದ್ಯುತ್ ತಂತಿಯ ಕಿಡಿಯಿಂದ ಹಿಡಿದು ಸಂದರ್ಶಕರು ಆರಿಸದೆ ಬಿಟ್ಟ ಮೊಬೈಲಿನವರೆಗೆ ಪಟ್ಟಿ ದೊಡ್ಡದಿದೆ.